ರಾಣಿಗೆ ಉಡಿಸಿದ ಕೆಂಪು

ಎಪ್ಪತ್ತರ ದಶಕದ ಮಾತು. ಡ್ರಾಯಿಂಗ್ ಡಿಪ್ಲೊಮಾದ ಕೊನೆಯ ಪರೀಕ್ಷೆಗೆ ನಾನು ಆರಿಸಿಕೊಂಡದ್ದು ಹದಿನೆಂಟನೆಯ ಶತಮಾನದ ಯುರೋಪಿನ ಒಬ್ಬ ಆಸ್ಥಾನ ಚಿತ್ರಕಾರನನ್ನು. ಅವನ ಜೀವನದ ಬಗ್ಗೆ ಪ್ರಬಂಧ ಬರೆಯಬೇಕು, ಅವನ ಒಂದು ಚಿತ್ರವನ್ನು ನಕಲು ಮಾಡಬೇಕು. ಪಾಸಾದರೆ ರಾಜಾಜಿನಗರದ ಶಾಲೆಯಲ್ಲಿ ನನ್ನ ಟೀಚರ್ ಕೆಲಸ ಕಾಯಂ. ಇಲ್ಲದಿದ್ದರೆ ಜೂನ್‌ನಿಂದ ಮನೆಯಲ್ಲಿ ಕೂರಬೇಕು. ಅಪ್ಪನಿಲ್ಲದ ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ.

ಪ್ರಬಂಧವೇನೋ ಮುಗಿಸಿದ್ದೆ. ರೋಮಿನಲ್ಲಿ ಹಳೆಯ ಅಮೃತಶಿಲೆಯ ವಿಗ್ರಹಗಳನ್ನು ವರ್ಷಗಟ್ಟಲೆ ನೋಡಿ ಬರೆದು ಕೈ ಪಳಗಿಸಿಕೊಂಡು, ಆಮೇಲೆ ರಾಜನ ಆಸ್ಥಾನ ಸೇರಿದವನು ಅವನು. ರಾಣಿ ಗಂಟೆಗಟ್ಟಲೆ ಕೂರುವವಳಲ್ಲವೆಂದು ಮರದ ಬೊಂಬೆಗೆ ಅವಳ ಬಟ್ಟೆ ತೊಡಿಸಿ ಮಡಿಕೆಗಳನ್ನು ಬರೆಯುತ್ತಿದ್ದನಂತೆ. ನಕಲಿಗೆ ಸಿಕ್ಕಿದ್ದು ಲೈಬ್ರರಿ ಪುಸ್ತಕದಲ್ಲಿದ್ದ ಆ ರಾಣಿಯ ಕಪ್ಪು-ಬಿಳುಪು ಚಿತ್ರ. ಬಣ್ಣವೆಲ್ಲ ನನ್ನ ಊಹೆ. ರಾಜ ಬದುಕಿದ್ದಾನೆ, ರಾಣಿ ಮುತ್ತೈದೆ. ಹಿಂದುಮುಂದು ನೋಡದೆ, ಟ್ರಂಕಿನಲ್ಲಿದ್ದ ಅಮ್ಮನ ಮದುವೆ ಸೀರೆಯ ಕೆಂಪನ್ನೇ ಕಲಸಿ ಅವಳಿಗೆ ಉಡಿಸಿದೆ.

ಒಪ್ಪಿಸುವ ದಿನ ಬೆಳಿಗ್ಗೆ ನಮ್ಮ ಮೇಷ್ಟ್ರು ಅದನ್ನು ನೋಡಿ ತಲೆ ಚಚ್ಚಿಕೊಂಡರು.

"ಏನಮ್ಮ ಇದು? ಆ ಗೌನು ಬಿಳಿ ಕಣಮ್ಮ! ಆ ಕಾಲದೋರಿಗೆ ಹಳೇ ವಿಗ್ರಹದ ಥರಾನೇ ಕಾಣ್ಬೇಕು ಅನ್ನೋ ಹುಚ್ಚು. ಐದು ಗಂಟೆಗೆ ಪರೀಕ್ಷಕರು ಬರ್ತಾರೆ. ಹೋಗು, ಸರಿ ಮಾಡ್ಕೊಂಡು ಬಾ."

ಅಮೃತಶಿಲೆ ಎಂದು ಪ್ರಬಂಧದಲ್ಲಿ ನಾಲ್ಕು ಸಲ ಬರೆದಿದ್ದರೂ ನನ್ನ ದಡ್ಡ ತಲೆಗೆ ಅದು ಹೊಳೆದಿರಲಿಲ್ಲ. ಮಹಾಲಕ್ಷ್ಮಿ ಲೇಔಟಿನ ಮನೆಗೆ ಓಡಿ ಬಂದು ಬಿಳಿ ಹಚ್ಚಿದೆ. ನೀರು ತಾಗಿದರೆ ಕರಗುವ ಪೋಸ್ಟರ್ ಬಣ್ಣ; ಕೆಳಗಿನ ಕೆಂಪು ಮೇಲೆದ್ದು ಎಲ್ಲ ಗುಲಾಬಿಯಾಯಿತು. ಒಣಗಿಸಿ ಮತ್ತೆ ಹಚ್ಚಿದೆ. ಮೂರನೆಯ ಸಲಕ್ಕೆ ಬಿಳಿ ನಿಂತಿತು, ಆದರೆ ಮಡಿಕೆಗಳೆಲ್ಲ ಮುಚ್ಚಿಹೋದವು. ಗಂಟೆ ಎರಡೂವರೆ.

ಅಮ್ಮ ಹಿಂದೆ ಬಂದು ನಿಂತಳು. "ಗಂಡ ಇರೋಳಿಗೆ ಯಾಕೇ ಬಿಳಿ ಬಳೀತಿದೀಯ?" ದನಿಯಲ್ಲಿ ಸಿಟ್ಟಿತ್ತು.

"ಅವಳೇ ಇಷ್ಟಪಟ್ಟು ಹಾಕ್ಕೊಂಡಿದ್ದಮ್ಮ. ಈಗ ಮಾತಾಡಿಸ್ಬೇಡ, ಮಡಿಕೆ ಎಲ್ಲಾ ಹೋಯ್ತು!"

ಅಮ್ಮ ತನ್ನ ಸೆರಗು ನೋಡಿಕೊಂಡಳು. ಅಪ್ಪ ಹೋದ ಹನ್ನೊಂದನೆಯ ದಿನ ದೊಡ್ಡಮ್ಮ ಬಿಳಿ ಸೀರೆ ತಂದಿಟ್ಟಾಗ ಅವಳನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳು ಕಿಟಕಿಯ ಹತ್ತಿರ ಸ್ಟೂಲ್ ಎಳೆದುಕೊಂಡು ಕೂತು, ಬಿಳಿ ಸೆರಗನ್ನು ಮಡಿಲ ಮೇಲೆ ಹರಡಿಕೊಂಡಳು.

"ನೋಡ್ಕೊಂಡು ಬರಿ. ನಾನು ಅಲ್ಲಾಡಲ್ಲ."

ನನಗೆ ಅಳು ಬಂತು; ಅಳುವುದಕ್ಕೆ ಹೊತ್ತಿರಲಿಲ್ಲ. ಅವಳ ಸೀರೆಯ ಒಂದೊಂದೇ ಮಡಿಕೆಯನ್ನು ರಾಣಿಗೆ ಇಳಿಸಿದೆ. ನಾಲ್ಕು ಗಂಟೆಗೆ ಗೌನಿನ ಅಂಚಿನಲ್ಲಿ ಒಂದೆಳೆ ಕೆಂಪು ಮಾತ್ರ ಉಳಿದಿತ್ತು. ಅದನ್ನು ಮುಚ್ಚಲು ಹೋದಾಗ ಅಮ್ಮ ಎದ್ದು ಬಂದು ಕೈ ಹಿಡಿದಳು.

"ಅಷ್ಟು ಇರ್ಲಿ ಬಿಡೇ."

"ಮಾರ್ಕ್ಸ್ ಕಟ್ ಮಾಡ್ತಾರಮ್ಮ. ಫೇಲೂ ಮಾಡ್ಬಹುದು."

ಅವಳು ಕೈ ಬಿಡಲಿಲ್ಲ.

ಐದು ಗಂಟೆಗೆ ಬಂದ ಪರೀಕ್ಷಕರ ಕಣ್ಣು ಮೊದಲು ಹೋದದ್ದೇ ಅಲ್ಲಿಗೆ. "ಈ ಕೆಂಪು ಎಲ್ಲಿಂದ ಬಂತಮ್ಮ?" ಮೇಷ್ಟ್ರು ನೆಲ ನೋಡುತ್ತಿದ್ದರು. "ಮುಚ್ಚೋಕೆ ಟೈಮ್ ಸಾಲಲಿಲ್ಲ ಸಾರ್" ಎಂದು ಸುಳ್ಳು ಹೇಳಿದೆ. ಅವರು ಬಹಳ ಹೊತ್ತು ಮಡಿಕೆಗಳನ್ನೇ ನೋಡಿ, ಐದು ಅಂಕ ಕಳೆದು ಪಾಸು ಮಾಡಿದರು.

ಅಮ್ಮ ಮನೆಯ ಗೇಟಿನಲ್ಲೇ ಕಾಯುತ್ತಿದ್ದಳು. "ಅಳಿಸಿಬಿಟ್ರೇನೇ?" ಎಂದಳು.

"ಇಲ್ಲಮ್ಮ, ಹಾಗೇ ಇದೆ."

ಪಾಸಾದೆನೋ ಇಲ್ಲವೋ ಎಂದು ಆಮೇಲೆ ಕೇಳಿದಳು.