ಹಗ್ಗ ಬಿಟ್ಟು ತೂಗಿದ ಮೆಟ್ಟಿಲು

ನಮ್ಮೂರಿನ ಚೀಸ್ ಕಾರ್ಖಾನೆಯಲ್ಲಿ ದೊಡ್ಡ ದೊಡ್ಡ ಚೀಸ್ ಗಡ್ಡೆಗಳನ್ನು ಮಗುಚಿ ಮಗುಚಿ ಆರ್ಡಿಸ್ ಗುಸೆಲ್‌ಳ ಮುಂಗೈ ಎಷ್ಟು ಗಟ್ಟಿಯಾಗಿತ್ತೆಂದರೆ, ಅಲ್ಲಿ ಕೂತ ಸೊಳ್ಳೆಗಳು ಮೂತಿ ಡೊಂಕು ಮಾಡಿಕೊಂಡು ಹೋಗುತ್ತಿದ್ದವು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವಳ ಪಕ್ಕದ ಮನೆಯಲ್ಲೇ ನನ್ನ ಆಯುಷ್ಯವೆಲ್ಲ ಕಳೆದಿದೆ. ವಿಸ್ಕಾನ್ಸಿನ್‌ನ ಈ ಮೂಲೆಯ ಸೊಳ್ಳೆಗಳೆಂದರೆ ಕರುವನ್ನೇ ಎತ್ತಿಕೊಂಡು ಹೋಗುವಂಥವು, ಅವುಗಳ ಗತಿಯೇ ಹಾಗಾಯಿತು.

ಈಗ ಅವಳಿಗೆ ವಯಸ್ಸಾಗಿದೆ, ಮಂಡಿಯೊಂದರಲ್ಲಿ ಲೋಹ ಸೇರಿದೆ. ಆದರೂ ಅಕ್ಟೋಬರ್ ಬಂದರೆ ಬಿಲ್ಲು ಹೆಗಲಿಗೇರಿಸಿ ಜವುಗಿನ ಕಾಡಿಗೆ ಹೋಗಲೇಬೇಕು. ಅವಳ ಚಳಿಗಾಲದ ಮಾಂಸವೆಲ್ಲ ಅಲ್ಲಿಂದಲೇ ಬರುವುದು. ಜವುಗಿನ ನಡುವೆ ಓಕ್ ಮರಗಳಿರುವ ಒಂದು ದಿಬ್ಬವಿದೆ, ಜಿಂಕೆಗಳು ಓಕ್ ಕಾಯಿ ತಿನ್ನಲು ಅಲ್ಲಿಗೆ ಬರುತ್ತವೆ, ಅವಳು ಮರದ ಮೇಲೆ ಕೂತು ಕಾಯುತ್ತಾಳೆ. ಅದು ಸರ್ಕಾರಿ ಕಾಡು, ಮರಕ್ಕೆ ಮೊಳೆ ಹೊಡೆಯುವಂತಿಲ್ಲ, ಅಟ್ಟಣೆ ಕಟ್ಟಿ ಬಿಟ್ಟು ಬರುವಂತಿಲ್ಲ. ಹತ್ತುವ ಮೆಟ್ಟಿಲು, ನಿಲ್ಲುವ ಹಲಗೆ, ಕೂರುವ ಪಟ್ಟಿ, ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ಹೋಗಿ ಸಂಜೆ ಹೊತ್ತು ತರಬೇಕು. ಆಮೆಗಾದರೆ ಒಂದೇ ಚಿಪ್ಪು.

ಕಳೆದ ಶರತ್ಕಾಲದಲ್ಲಿ ಅವಳ ತಮ್ಮ ಮೆರ್ಲಿನ್ ಮರದಿಂದ ಬಿದ್ದ. ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳದೆ ಏಣಿ ಹತ್ತಿ, ಸಾಸೇಜು ತಿನ್ನುತ್ತ ತೂಕಡಿಸಿ, ಸಾಸೇಜಿನ ಸಮೇತ ಬಿದ್ದ. ಪಕ್ಕೆಲುಬು ಮುರಿಯಿತು. ಆಮೇಲೆ ಅವನು ಮನೆಮಂದಿಯನ್ನೆಲ್ಲ ಕೂರಿಸಿ ತೀರ್ಪು ಕೊಟ್ಟ: ಅಕ್ಕ ಇನ್ನು ಮರ ಹತ್ತಬಾರದು. ಬಿದ್ದವನು ಅವನು, ಇಳಿಸಿದ್ದು ಅವಳನ್ನು. ಇಂಥ ನ್ಯಾಯ ಯಾವ ಕೋರ್ಟಿನಲ್ಲಿ ಸಿಗುತ್ತದೆ ಹೇಳಿ.

ಅಷ್ಟಕ್ಕೇ ನಿಲ್ಲಲಿಲ್ಲ. ತನ್ನ ಜೋಳದ ಹೊಲದ ಅಂಚಿನಲ್ಲಿ ಅವಳು ನೆಲದ ಮೇಲೇ ಕೂತು ಜಿಂಕೆ ಕಾಯಲೆಂದು ಮರದ ಪೆಟ್ಟಿಗೆಯಂಥ ಕೋಣೆ ಕಟ್ಟಿಸಿದ. ಕಿಟಕಿ, ಮೆತ್ತನೆ ಕುರ್ಚಿ, ಹೀಟರು. ಬಾಗಿಲ ಮೇಲೆ ಹಿತ್ತಾಳೆ ತಗಡಿನಲ್ಲಿ ಅವಳ ಹೆಸರು.

ಆರ್ಡಿಸ್ ಅದನ್ನು ನೋಡಿ ಬಂದು ನನ್ನ ಅಡುಗೆಮನೆಯಲ್ಲಿ ಕುರ್ಚಿ ಎಳೆದು ಕೂತಳು.

"ಎಲ್ಡನ್, ಗೋರಿ ಕಲ್ಲಿನ ಮೇಲೂ ಸತ್ತ ಮೇಲೇ ಕಣೋ ಹೆಸರು ಕೆತ್ತೋದು. ಇವನಿಗೇನು ಅವಸರ?"

"ಹೀಟರ್ ಇದ್ಯಲ್ಲ."

"ಶವಪೆಟ್ಟಿಗೇಲಿ ಇಲ್ದಿರೋದು ಅದೊಂದೇ ನೋಡು. ಕಾಫಿ ಹಾಕು."

ಅವಳ ಹಳೆಯ ಸಾಮಾನು ಭಾರದ್ದೆಂಬುದು ನಿಜ. ಕಬ್ಬಿಣದ ಅಟ್ಟಣೆ, ಅದನ್ನು ಹೊತ್ತರೆ ಜವುಗಿನ ಕೆಸರು ಮಂಡಿಯವರೆಗೂ ಎಳೆದುಕೊಳ್ಳುತ್ತಿತ್ತು. ಆ ಲೋಹದ ಮಂಡಿಯೊಂದಿಗೆ ಅದು ಆಗದ ಮಾತು. ಹಗುರದ್ದು ಸಿಕ್ಕರೆ ದಿಬ್ಬ, ಸಿಗದಿದ್ದರೆ ಪೆಟ್ಟಿಗೆ. ಆಗಸ್ಟಿನಲ್ಲಿ ನಾವಿಬ್ಬರೂ ಪೇಟೆಯ ಬೇಟೆ ಸಾಮಾನಿನ ಅಂಗಡಿಗೆ ಹೋದೆವು.

ಗಡ್ಡದ ಅಂಗಡಿಯವನು ನಗುತ್ತ ಬಂದ. "ಯಾರಿಗೆ ಮೇಡಂ? ಮಗನಿಗಾ?"

"ನಂಗೆ."

ಅವನ ಕಣ್ಣು ಅವಳ ಮಂಡಿಯ ಮೇಲೆ ಇಳಿಯಿತು. "ನೆಲದ ಮೇಲೆ ಹಾಕೋ ಡೇರೆಗಳು ಆ ಕಡೆ ಇವೆ. ತುಂಬಾ ಆರಾಮ."

"ಆರಾಮ ಬೇಕಿದ್ರೆ ನಾನು ಚರ್ಚಿನಲ್ಲಿ ಕೂರ್ತಿದ್ದೆ. ಮರ ಹತ್ತೋದು ತೋರಿಸು."

ತೋರಿಸಿದ. ಮೊಳಕೈ ಉದ್ದದ ಅಲ್ಯುಮಿನಿಯಮ್ ಮೆಟ್ಟಿಲುಗಳು, ಒಂದೊಂದನ್ನೂ ಮರಕ್ಕೆ ಬಿಗಿದು ಏರುತ್ತ ಹೋಗುವಂಥವು. ತೂಕ ಎಷ್ಟೆಂದು ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಅದನ್ನು ನಂಬುವುದಾದರೆ ಗಾಳಿ ಬೀಸಿದಾಗ ಅಂಗಡಿಯವನು ಅವುಗಳನ್ನು ಕಟ್ಟಿಹಾಕಬೇಕಿತ್ತು. ಪಕ್ಕದಲ್ಲಿ ಇಬ್ಬರು ಗಂಡಸರು ಮೆಟ್ಟಿಲಿಗೆ ತೂತು ಕೊರೆಸಿದರೆ ಇನ್ನೆಷ್ಟು ಹಗುರವಾದೀತು ಎಂದು ಗಹನವಾಗಿ ಚರ್ಚಿಸುತ್ತಿದ್ದರು. ಇಬ್ಬರ ಹೊಟ್ಟೆಯಲ್ಲೂ ಒಂದೊಂದು ಪೀಪಾಯಿ ಬಿಯರು. ಅದಕ್ಕೆ ತೂತು ಕೊರೆಯುವ ಯೋಚನೆ ಯಾರಿಗೂ ಬಂದಂತಿರಲಿಲ್ಲ.

ಮನೆಗೆ ಬಂದು ಆರ್ಡಿಸ್ ಕೊಂಡು ತಂದ ಮೆಟ್ಟಿಲುಗಳನ್ನು ಗ್ಯಾರೇಜಿನಲ್ಲಿ ಜಿಂಕೆ ತೂಗುವ ಕೊಕ್ಕೆತಕ್ಕಡಿಗೆ ನೇತುಹಾಕಿದಳು. ಮುಳ್ಳು ಡಬ್ಬದ ಮೇಲಿನ ತೂಕವನ್ನು ದಾಟಿ ಬಹಳ ಮುಂದೆ ಹೋಗಿ ನಿಂತಿತು. ಅವಳ ಮುಖ ಬೀಟ್‌ರೂಟಿನಂತಾಯಿತು. ಅಂಗಡಿಗೆ ಫೋನು ಹೋಯಿತು.

"ಅದು ಬರೀ ಮೆಟ್ಟಿಲಿನ ತೂಕ ಮೇಡಂ. ಹಗ್ಗ, ಪಟ್ಟಿ ಸೇರಿಸಿಲ್ಲ. ಎಲ್ಲಾ ಕಂಪನಿಯವ್ರೂ ಹಾಗೇ ಬರೀತಾರೆ."

"ಹಗ್ಗ ಇಲ್ದೆ ಮರಕ್ಕೆ ಹೇಗಪ್ಪಾ ನಿಲ್ಲತ್ತೆ ಅದು? ಎಂಜಲು ಹಚ್ಚಿ ಅಂಟಿಸ್ಲಾ?"

"ಹಗ್ಗ ಬೇಕೇ ಬೇಕು ಮೇಡಂ."

"ಬೇಕೇ ಬೇಕಾದ್ದನ್ನ ಬಿಟ್ಟು ತೂಗಿದ್ದೀರಿ. ಹಸು ಮಾರೋವಾಗ ಕಾಲು ಬಿಟ್ಟು ತೂಗ್ತಾರಾ ನಿಮ್ಮನೇಲಿ?"

ಅವನು ಅದಕ್ಕೇನೋ ಹೇಳಹೊರಟ, ಅಷ್ಟರಲ್ಲಿ ಅವಳು ಫೋನನ್ನು ಗೋಡೆಯ ಕೊಕ್ಕೆಗೆ ಬಡಿದು ಇಟ್ಟಾಗಿತ್ತು. ನನಗೂ ರಕ್ತ ಕುದಿಯಿತು. ಸುಳ್ಳು ಹೇಳುವುದು ನನ್ನ ಜೀವಮಾನದ ಹವ್ಯಾಸ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಯಾರೂ ನಂಬದ ಹಾಗೆ ಹೇಳುತ್ತೇನೆ. ಡಬ್ಬದ ಮೇಲೆ ಅಚ್ಚು ಹಾಕಿಸಿ, ಅದನ್ನು ನಂಬಿ ಒಬ್ಬ ಹೆಂಗಸು ಕೆಸರಿಗೆ ಇಳಿಯುವ ಹಾಗೆ ಸುಳ್ಳು ಹೇಳುವುದು ಸುಳ್ಳಿಗೇ ಅವಮಾನ.

ಅಂದಿನಿಂದ ಅವಳು ಡಬ್ಬ ಓದುವುದನ್ನು ಬಿಟ್ಟಳು. ಒಂದು ಚೀಲಕ್ಕೆ ಎಲ್ಲವನ್ನೂ ತುಂಬುವುದು, ಜವುಗಿನಲ್ಲಿ ನೆನೆದು ಭಾರವಾಗುವಂತೆಯೇ ನೆನೆಸಿದ ಹಗ್ಗ, ನೀರು, ರೊಟ್ಟಿ, ಉಣ್ಣೆ ಟೋಪಿ ಸಮೇತ. ಚೀಲವನ್ನೇ ತಕ್ಕಡಿಗೆ ಹಾಕುವುದು. ಮತ್ತೆ ಒಂದನ್ನು ತೆಗೆಯುವುದು. ಅಗಲ ಪಟ್ಟಿಗಳು ಹೋಗಿ ತೆಳು ಹಗ್ಗ ಬಂತು. ಕಬ್ಬಿಣದ ಅಟ್ಟಣೆ ಹೋಗಿ ಪಾದ ಊರುವಷ್ಟೇ ಅಗಲದ ಹಲಗೆ ಬಂತು. ಕೂರಲು ತೊಡೆ ಸುತ್ತುವ ಬಟ್ಟೆಯ ಪಟ್ಟಿ. ಇದಕ್ಕೆ ನಮ್ಮವರು ಜೀನು ಎನ್ನುತ್ತಾರೆ, ಕುದುರೆಯ ಬದಲು ಮರ. ಮೆಟ್ಟಿಲುಗಳಲ್ಲೂ ಒಂದನ್ನು ಕೈಬಿಟ್ಟು, ಉಳಿದವುಗಳ ಕೆಳಗೆ ಕಾಲಿಡಲು ಹಗ್ಗದ ಕುಣಿಕೆ ಕಟ್ಟಿದಳು. ಲೋಹ ಕಿಣಿಕಿಣಿ ಎನ್ನದಂತೆ ನನ್ನ ಒಳ್ಳೆಯ ಕಾಲುಚೀಲವನ್ನೇ ಕತ್ತರಿಸಿ ಸುತ್ತಿದಳು. ಸೊಂಟವನ್ನು ಮರಕ್ಕೆ ಬಿಗಿಯುವ ಹಗ್ಗವನ್ನು ಮಾತ್ರ ಎಷ್ಟೇ ಭಾರವಾದರೂ ಮುಟ್ಟಲಿಲ್ಲ. ಅಂಗಳದ ಮೇಪಲ್ ಮರವನ್ನು ಎಷ್ಟು ಸಲ ಹತ್ತಿಳಿದಳೆಂದರೆ, ಅಳಿಲುಗಳು ಬೇಸತ್ತು ನನ್ನ ಮರಕ್ಕೆ ವಲಸೆ ಬಂದವು.

ಅಕ್ಟೋಬರಿನ ಒಂದು ಮಧ್ಯಾಹ್ನ ಇಬ್ಬರೂ ಜವುಗು ದಾಟಿದೆವು. ಅವಳು ಚೀಲ ಹೊತ್ತಿದ್ದಳು, ನಾನು ನನ್ನ ಸೊಂಟನೋವನ್ನು ಹೊತ್ತಿದ್ದೆ. ಅವಳು ಓಕ್ ಹತ್ತಿ ಎಲೆಗಳೊಳಗೆ ಮಾಯವಾದಳು. ನಾನು ಆಚೆ ಒಂದು ಬಿದ್ದ ದಿಮ್ಮಿಗೆ ಒರಗಿ ಕೂತೆ.

ಹೊತ್ತು ಇಳಿಯುವಾಗ ಹಂದಿಯೊಂದು ಸ್ನಾನ ಮಾಡುತ್ತಿರುವಂಥ ಸದ್ದು. ಮೆರ್ಲಿನ್. ಪೆಟ್ಟಿಗೆ ಖಾಲಿಯಿರುವುದನ್ನು ನೋಡಿ, ಅಕ್ಕನಿಗೆಂದು ತಂದ ಬಿಸಿ ಸೂಪಿನ ಫ್ಲಾಸ್ಕನ್ನು ಕಂಕುಳಲ್ಲಿಟ್ಟುಕೊಂಡೇ ಜವುಗಿಗೆ ಇಳಿದಿದ್ದ.

"ಎಲ್ಲಿ ಅವಳು? ಬಿದ್ಲಾ? ನೀನು ಏನ್ ಮಾಡ್ತಿದ್ದೆ ಎಲ್ಡನ್, ಮಣ್ಣು ಕಾಯ್ತಿದ್ಯಾ? ಈ ವಯಸ್ಸಲ್ಲಿ ಅವಳ ಕೈಲಿ ಮರ ಹತ್ತೋಕೆ ಆಗತ್ತಾ, ನೀನೇ ಹೇಳು. ಆಗಲ್ಲ."

ಅವನ ತಲೆಯ ಮೇಲಿನಿಂದ ಮೆಲ್ಲಗೆ ಮಾತು ಬಂತು.

"ಮೆರ್ಲಿನ್, ಅಲ್ಲಾಡ್ಬೇಡ. ನಿನ್ನ ಹಿಂದೆ ಜಿಂಕೆ ನಿಂತಿದೆ."

ಅವನು ತಿರುಗಿ ನೋಡಿದ. ಕೊಬ್ಬಿದ ಹೆಣ್ಣು ಜಿಂಕೆ ಬಿಳಿ ಬಾಲವೆತ್ತಿ ಒಂದೇ ನೆಗೆತಕ್ಕೆ ಜವುಗು ದಾಟಿತು. ಮೇಲೆ ಆರ್ಡಿಸ್ ಎಳೆದಿದ್ದ ಬಿಲ್ಲನ್ನು ಸಡಿಲಿಸಿದ್ದು ಕಾಣಿಸಿತು. ಬಾಣ ಹೋಗಬೇಕಾದ ದಾರಿಯ ನಡುವೆಯೇ ತಮ್ಮ ನಿಂತಿದ್ದ.

"ಜನವರಿ, ಫೆಬ್ರವರಿ ಊಟ ಕಣೋ ಅದು. ಓಡ್ಸಿಬಿಟ್ಟೆ."

"ನೀನು... ಅಲ್ಲಿದ್ಯಾ?"

"ಇಲ್ಲ. ಸ್ವರ್ಗದಿಂದ ಮಾತಾಡ್ತಿದ್ದೀನಿ. ಬಾಯಿ ಮುಚ್ಕೊಂಡು ಎಲ್ಡನ್ ಪಕ್ಕ ಕೂತ್ಕೋ."

ಕೂತ. ಸೂರ್ಯ ಮುಳುಗುವವರೆಗೆ ಮೂವರೂ ಕಾದೆವು. ಏನೂ ಬರಲಿಲ್ಲ. ಜಿಂಕೆಗಳ ಪೈಕಿ ಸುದ್ದಿ ಹಬ್ಬಿರಬೇಕು. ಬಿಲ್ಲು ಹಗ್ಗದಲ್ಲಿ ಕೆಳಗೆ ಬಂತು, ಆಮೇಲೆ ಅವಳು ಒಂದೊಂದೇ ಮೆಟ್ಟಿಲು ಬಿಚ್ಚಿಕೊಳ್ಳುತ್ತ ಇಳಿಯತೊಡಗಿದಳು. ಮೆರ್ಲಿನ್ ಕೆಳಗೆ ನಿಂತು, ಬೀಳುವ ಹಣ್ಣು ಹಿಡಿಯುವವನಂತೆ ಎರಡೂ ಕೈ ಮೇಲೆತ್ತಿದ್ದ.

"ಕೈ ತೆಗಿ. ಕುಣಿಕೆ ಎಲ್ಲಿದೆ ಅಂತ ಕಾಣ್ತಿಲ್ಲ."

ಅವನು ಕೈ ಇಳಿಸಿದ. ಅವಳು ನೆಲಕ್ಕೆ ಕಾಲಿಟ್ಟು, ಸೊಂಟದ ಹಗ್ಗ ಬಿಚ್ಚಿ ಸುತ್ತಿ, ಎಲ್ಲವನ್ನೂ ಚೀಲಕ್ಕೆ ತುಂಬಿದಳು. ಮೆರ್ಲಿನ್ ಚೀಲಕ್ಕೆ ಕೈ ಹಾಕಿದ.

"ಕೊಡು, ನಾನು ಹೊರ್ತೀನಿ."

"ಬೇಡ. ನಾಳೆ ಮತ್ತೆ ಬರ್ತೀನಿ, ನೀನು ಬರ್ಬೇಡ. ಅದಷ್ಟೇ ನೀನು ಮಾಡ್ಬೇಕಾದ್ದು."

ಅವನು ಚೀಲದಿಂದ ಕೈ ತೆಗೆದ. "ಸರಿ," ಅಂದ. ಅವಳು ಆಗಲೇ ಕೆಸರಿಗೆ ಇಳಿದು ಮುಂದೆ ನಡೆದಿದ್ದಳು.