ಖಾಲಿ ಪಾಕೀಟು ತೋರಿಸಿ ತಂದ ಗುಳಿಗೆ

ಗಂಡ ತೀರಿಕೊಂಡ ಮೇಲೆ ಅಕ್ಕ ಶೇಡಬಾಳಕ್ಕೆ, ನಮ್ಮ ಮನೆಗೆ ಬಂದಳು. ನಮ್ಮಲ್ಲಿ ಮೊದಲ ಮೊಬೈಲು ಬಂದ ವರ್ಷ ಅದು. ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಊರಿನ ಡಾಕ್ಟರು ಹದಿನೈದು ದಿನಕ್ಕೆಂದು ಗುಳಿಗೆ ಬರೆದುಕೊಟ್ಟರು. ಆ ಹದಿನೈದು ದಿನವನ್ನು ನಾಲ್ಕು ವರ್ಷ ಮಾಡಿದವನು ನಾನು.

ನಮ್ಮ ಕಡೆ ಔಷಧದಂಗಡಿಯಲ್ಲಿ ಗುಳಿಗೆಯ ಖಾಲಿ ಪಾಕೀಟು ತೋರಿಸಿದರೆ ಸಾಕು, ಅದೇ ಗುಳಿಗೆ ಕೊಡುತ್ತಿದ್ದರು. ಏಳನೆಯ ತರಗತಿಗೆ ಶಾಲೆ ಬಿಟ್ಟ ನನಗೆ ಅದರ ಮೇಲಿನ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಬಣ್ಣವೇ ಗುರುತು. ಟೆಂಪೋ ಓಡಿಸುತ್ತಿದ್ದೆ. ಅಥಣಿಯಲ್ಲಿ ಡಾಕ್ಟರ ಚೀಟಿ ಕೇಳಿದರೆ ರಾಯಬಾಗ, ಅಲ್ಲೂ ಕೇಳಿದರೆ ಚಿಕ್ಕೋಡಿ. ದಿನಕ್ಕೆ ಒಂದಿದ್ದದ್ದು ಮೂರಾಯಿತು. ಗುಳಿಗೆ ತಪ್ಪಿದ ದಿನ ರೊಟ್ಟಿ ಬಡಿಯುವಾಗ ಅಕ್ಕನ ಕೈ ನಡುಗುತ್ತಿತ್ತು.

"ಕಮ್ಮಿ ಮಾಡಾಕ ನೋಡೇನಿ ತಮ್ಮಾ, ಆಗವಲ್ದು," ಎಂದು ಒಮ್ಮೆ ಅವಳೇ ಹೇಳಿದಳು. ನಾನು ಮತ್ತೊಂದು ಪಾಕೀಟು ತಂದುಕೊಟ್ಟೆ. ಕೂತು ಕೇಳುವುದಕ್ಕಿಂತ ತರುವುದು ಸುಲಭವಾಗಿತ್ತು.

ಒಂದು ದಿನ ಓಣಿಯ ಮುದುಕಿಯೊಬ್ಬಳು, "ನಮ್ಮ ಓಣ್ಯಾಗ ಗಂಡಸರು ದಾರೂ ಕುಡಿತಾರ, ನಿಮ್ಮಕ್ಕ ಗುಳಗಿ ನುಂಗ್ತಾಳ. ಎರಡೂ ಒಂದ ಬಿಡೋ," ಎಂದು ನಕ್ಕಳು. ಸಿಟ್ಟು ನೆತ್ತಿಗೇರಿತು. ಮನೆಗೆ ಬಂದವನೇ ಇದ್ದ ಗುಳಿಗೆಯನ್ನೆಲ್ಲ ತಿಪ್ಪೆಗೆ ಎಸೆದೆ. ಮೂರನೆಯ ದಿನ ಅಕ್ಕ ಅಂಗಳದಲ್ಲಿ ಬಿದ್ದು ಸೆಟೆದುಕೊಂಡಳು; ಟೆಂಪೋದಲ್ಲಿ ಮಿರಜಿನ ಆಸ್ಪತ್ರೆಗೆ ಒಯ್ದೆ.

ಮಿರಜಿನ ಮನೋರೋಗದ ಡಾಕ್ಟರು ಕೇಳುತ್ತ ಹೋದರು. ಗುಳಿಗೆ ಏರುತ್ತ ಹೋಯಿತೇ? ತಪ್ಪಿದರೆ ನಡುಕ, ಬೆವರು ಬರುತ್ತಿತ್ತೇ? ಬಿಡಲು ನೋಡಿ ಆಗಲಿಲ್ಲವೇ? ಕೆಲಸ ಕೆಟ್ಟರೂ ನುಂಗಿದಳೇ? ಎಲ್ಲಕ್ಕೂ ಹೌದೆಂದೆ.

"ಇದಕ್ಕ ಅವಲಂಬನ ಅಂತೀವ್ರಿ. ಇದೊಂದ ರೋಗ, ಚಟ ಅಂತ ಬೈಬ್ಯಾಡ್ರಿ. ಮೈ ಗುಳಗಿಗೆ ಹೊಂದಕೊಂಡೈತಿ, ಸಾವಕಾಶ ಇಳಸಬೇಕು. ಒಮ್ಮಿಗೇ ಬಿಡಿಸಿದವರ‍್ಯಾರು?"

"ಆಕೀನ ಬಿಟ್ಟಳ್ರಿ," ಎಂದೆ.

"ತರತಿದ್ದವರು?"

"ಆಕೀನ್ರಿ."

ಅಕ್ಕ ಎಚ್ಚರವಾಗಿಯೇ ಇದ್ದಳು. ಡಾಕ್ಟರು ಅದನ್ನು ಬರೆದುಕೊಂಡು ಅವಳ ಕಡೆ ತಿರುಗಿದರು: "ಇನ್ನ ಮ್ಯಾಲ ನೀವ ಔಷಧದಂಗಡಿಗಿ ಹೋಗಂಗಿಲ್ಲ, ತಿಳೀತೇನ್ರಿ?" ಗಂಡ ಸತ್ತ ಮೇಲೆ ಓಣಿಯನ್ನೇ ದಾಟದ ಅಕ್ಕ "ಹೌದ್ರಿ" ಎಂದಳು.

ಹೊರಗೆ ಬಂದ ಮೇಲೆ ಕೇಳಿದೆ, "ಯಾಕ ಖರೇ ಹೇಳಲಿಲ್ಲ?"

"ಹೇಳಿದ್ರ ಮುಂದಿನ ಸಲ ನನ್ನ ಯಾರ ಕರಕೊಂಡ ಬರ್ತಾರೋ?"

ಗುಳಿಗೆ ಪೂರ್ತಿ ಬಿಡಲು ವರ್ಷವೇ ಹಿಡಿಯಿತು. ತಿಂಗಳಿಗೊಮ್ಮೆ ಮಿರಜಿಗೆ ಕರೆದುಕೊಂಡು ಹೋದೆ. ಈ ಸಲ ಡಾಕ್ಟರಿಗೆ ನಿಜ ಹೇಳಿಯೇ ಬಿಡಬೇಕು ಎಂದುಕೊಂಡು ಹೋಗಿ, ಪ್ರತಿ ಸಲವೂ ಹೇಳದೆ ಬಂದೆ.