ಕೆಂಗೇರಿಯವರೆಗೆ ಕೇಳಿದ ರೇಟು

ಎಪ್ಪತ್ತರ ದಶಕದ ನಡುವಿನ ಮಾತು. ನಾನು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೆ, ವಯಸ್ಸು ಮೂವತ್ತಾರು. ಮೆಟ್ಟಿಲು ಹತ್ತುವಾಗ ಎದೆ ಬಿಗಿದಂತಾಗುತ್ತಿತ್ತು. ನಮ್ಮಪ್ಪ ನಲವತ್ತೈದಕ್ಕೇ ಎದೆನೋವಿನಿಂದ ಹೋದರೆಂದು ಹೇಳಿದಾಗ ಕಾರ್ಖಾನೆಯ ಡಾಕ್ಟರು ಒಂದು ಚೀಟಿ ಬರೆದುಕೊಟ್ಟರು.

"ಗಾಬರಿ ಏನಿಲ್ಲ, ರಕ್ತದಲ್ಲಿ ಕೊಲೆಸ್ಟ್ರಾಲ್ ಎಷ್ಟಿದೆ ಅಂತ ನೋಡಿಸಿಬಿಡಿ. ಇಲ್ಲಿ ಮಾಡಲ್ಲ. ಹೊರಗೆ ಒಂದೊಂದು ಕಡೆ ಒಂದೊಂದು ರೇಟು, ವಿಚಾರಿಸಿ."

ವಿಚಾರಿಸಿ ಎಂಬ ಆ ಮಾತನ್ನೇ ನಾನು ಹಿಡಿದುಕೊಂಡೆ.

ಮೊದಲ ದಿನವೇ ವಿಜಯನಗರದ ಒಂದು ಚಿಕ್ಕ ಆಸ್ಪತ್ರೆಯಲ್ಲಿ ಕೇಳಿದೆ. ಎಂಟು ರೂಪಾಯಿ. "ನಾಳೆ ಬೆಳಿಗ್ಗೆ ಏನೂ ತಿನ್ನದೆ, ಕಾಫಿನೂ ಕುಡೀದೆ ಬನ್ನಿ ಸ್ವಾಮಿ" ಎಂದರು ಕಿಟಕಿಯ ಹಿಂದಿದ್ದವರು. ನಾನು ಹೋಗಲಿಲ್ಲ. ಅಪ್ಪನಿಗಿದ್ದದ್ದು ನನಗೂ ಇದೆಯೆಂದು ಕಾಗದದಲ್ಲಿ ಬರೆದುಕೊಟ್ಟುಬಿಟ್ಟರೆ? ಮನೆಗೆ ಬಂದು ಹೆಂಡತಿಗೆ, "ಹದಿನೆಂಟಂತೆ ಕಣೇ. ಬೇರೆ ಕಡೆ ನೋಡ್ತೀನಿ" ಎಂದೆ.

ನೋಡುತ್ತಲೇ ಹೋದೆ. ಬಸವೇಶ್ವರನಗರ, ಅತ್ತಿಗುಪ್ಪೆ, ಕೊನೆಗೆ ಸೈಕಲ್ ತುಳಿದು ಕೆಂಗೇರಿ. ಎಲ್ಲೆಡೆಯೂ ಹದಿನೆಂಟೋ ಅದಕ್ಕಿಂತ ಹೆಚ್ಚೋ. ಡಾಕ್ಟರ ಚೀಟಿಯ ಹಿಂಬದಿಗೆ ಎಲ್ಲವನ್ನೂ ಬರೆದು, ಹೋಲಿಸಿ ನೋಡುವವನಂತೆ ಅವಳೆದುರು ಕೂರುತ್ತಿದ್ದೆ. ವಿಜಯನಗರದ ಮುಂದೆ ಮಾತ್ರ ಹದಿನೆಂಟು ಎಂದೇ ಬರೆದಿದ್ದೆ.

ಹೀಗೆ ಒಂದು ತಿಂಗಳಾಯಿತು. ಒಂದು ಬೆಳಿಗ್ಗೆ ಅಡುಗೆಮನೆಗೆ ಹೋದರೆ ಅವಳು ಕೊತ್ತಂಬರಿ ಬೀಜದ ಕಷಾಯ ಕುಡಿಯುತ್ತಿದ್ದಳು. ಫಿಲ್ಟರಿನಲ್ಲಿ ನನಗೊಬ್ಬನಿಗೆ ಆಗುವಷ್ಟೇ ಡಿಕಾಕ್ಷನ್.

"ನೀವು ರೇಟು ಹೇಳಿದ ದಿನದಿಂದ ಕಾಫಿ ಬಿಟ್ಟಿದೀನಿ" ಎಂದು ಚಿಲ್ಲರೆಯ ಒಂದು ಸಣ್ಣ ಗಂಟನ್ನು ನನ್ನ ಕೈಯಲ್ಲಿಟ್ಟಳು. "ಹದಿನೆಂಟು ಆಗಿದೆ. ನಾಳೆ ಹೋಗಿ ಮಾಡಿಸ್ಕೊಂಡು ಬನ್ನಿ ರೀ."

ಕಾಫಿ ಇಲ್ಲದಿದ್ದರೆ ಅವಳಿಗೆ ತಲೆನೋವು ಬರುತ್ತದೆಂದು ನನಗೆ ಗೊತ್ತಿತ್ತು. ಅವಳ ಹಣೆಗೆ ಸುತ್ತಿದ್ದ ಬಟ್ಟೆ ಕಣ್ಣಿಗೆ ಬಿದ್ದದ್ದು ಆವಾಗಲೇ.

"ಎಂಟೇ ರೂಪಾಯಿ ಕಣೇ" ಎಂದೆ. "ಮೊದಲನೇ ದಿನಾನೇ ಗೊತ್ತಿತ್ತು. ಭಯ ಆಗಿತ್ತು."

ಅವಳು ಲೋಟ ಕೆಳಗಿಟ್ಟಳು. "ಭಯ ಅಂದಿದ್ರೆ ನಾನೂ ಜೊತೆಗೆ ಬರ್ತಿರ್ಲಿಲ್ವಾ?"

ನಾನು ಆ ಗಂಟನ್ನು ಅವಳ ಕೈಗೇ ವಾಪಸ್ ಇಟ್ಟೆ.

ಆಮೇಲೆ ಅವಳೇ, "ಕೆಂಗೇರಿವರೆಗೂ ತುಳಿದಿದೀರಲ್ಲ, ಇದ್ದಬದ್ದ ಕೊಬ್ಬೆಲ್ಲ ಅಲ್ಲೇ ಕರಗಿರುತ್ತೆ" ಎಂದಳು.

ಮರುದಿನ ಇಬ್ಬರೂ ಖಾಲಿ ಹೊಟ್ಟೆಯಲ್ಲಿ ವಿಜಯನಗರಕ್ಕೆ ಹೊರಟೆವು. ಅವಳು ಉಪವಾಸವಿರಬೇಕೆಂದೇನೂ ಇರಲಿಲ್ಲ, ಇದ್ದಳು. ನನಗೆ ಸೂಜಿ ಚುಚ್ಚುವಾಗ ಎಲ್ಲರೆದುರೇ ನನ್ನ ಇನ್ನೊಂದು ಕೈ ಹಿಡಿದುಕೊಂಡಳು. ಆಮೇಲೆ ಬಂದ ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್ ತುಸು ಹೆಚ್ಚೇ ಇತ್ತು. ಡಾಕ್ಟರು ಬೀಡಿ ಬಿಡಿಸಿದರು, ಬೋಂಡ ಬಿಡಿಸಿದರು. ಎಂಬತ್ತೈದು ದಾಟಿದ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ.

ಆದರೆ ಆ ಬೆಳಿಗ್ಗೆ ಇದೊಂದೂ ಗೊತ್ತಿರಲಿಲ್ಲ. ಆಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ಕುಳಿತೆವು. ತಿಂಗಳ ಮೇಲೆ ಕುಡಿದ ಕಾಫಿಯನ್ನು ಅವಳು ನಿಧಾನವಾಗಿ ಮುಗಿಸಿ, ಲೋಟ ನನ್ನ ಕಡೆ ಸರಿಸಿದಳು.

"ಇನ್ನೊಂದು ಹೇಳಿ. ಇದು ನಿಮ್ಮ ಕೆಂಗೇರಿ ದಂಡದ ಬಾಬ್ತು."